ನುಂಗಿದ ಕೆಮ್ಮು

"ಕೆಮ್ಮಿ ಅಮ್ಮಾ, ಒಂದ್ಸಲ ಜೋರಾಗಿ ಕೆಮ್ಮಿಬಿಡಿ," ಎಂದು ಫಿಸಿಯೊಥೆರಪಿಸ್ಟ್ ಬೆನ್ನು ತಟ್ಟುತ್ತಾ ಗೋಗರೆಯುತ್ತಿದ್ದಳು. ಮರೆವಿನ ಕಾಯಿಲೆಯ ಆ ವೃದ್ಧೆ ಮಾತ್ರ ಹಾಸಿಗೆಯಲ್ಲಿ ನೆಟ್ಟಗೆ ಕೂತು, ತುಟಿ ಬಿಗಿಹಿಡಿದು, ಗಂಟಲಿಗೆ ಬಂದ ಕೆಮ್ಮನ್ನು ನುಂಗಿಕೊಂಡರು. ಎದೆಯೊಳಗೆ ಕಫ ಗೊರಗೊರ ಎನ್ನುತ್ತಿತ್ತು. "ಇದು ಹೊರಗೆ ಬರದಿದ್ರೆ ನ್ಯುಮೋನಿಯಾ ಆಗುತ್ತೆ. ಇವ್ರಿಗೆ ನಾನು ಹೇಳೋದು ಅರ್ಥಾನೇ ಆಗ್ತಿಲ್ಲ," ಎಂದು ಅವಳು ಪಕ್ಕದಲ್ಲಿದ್ದ ವೃದ್ಧೆಯ ಮಗಳ ಕಡೆ ತಿರುಗಿದಳು.

ಅಮ್ಮನ ಕಣ್ಣು ಎಲ್ಲಿ ನೆಟ್ಟಿದೆ ಎಂದು ಮಗಳು ಗಮನಿಸಿದ್ದು ಆಗಲೇ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅಮ್ಮ ರೇಡಿಯೊದಲ್ಲಿ ವಾರ್ತೆ ಓದುತ್ತಿದ್ದವರು. ಸ್ಟುಡಿಯೊದಲ್ಲಿ ಮೈಕ್ ಚಾಲೂ ಆಗಿದೆ ಎನ್ನುವ ಕೆಂಪು ದೀಪ ಹತ್ತಿತೆಂದರೆ ಜ್ವರವಿರಲಿ, ನೆಗಡಿಯಿರಲಿ, ಅವರು ಕೆಮ್ಮಿದ್ದನ್ನು ಕೇಳಿದ ಕೇಳುಗನೇ ಇಲ್ಲ. ಹೆತ್ತ ಮಗಳ ಹೆಸರು ಮರೆತುಹೋಗಿತ್ತು. ಆ ಶಿಸ್ತು ಕೂದಲೆಳೆಯಷ್ಟೂ ಕದಲಿರಲಿಲ್ಲ.

"ಅವ್ರಿಗೆ ಎಲ್ಲಾ ಅರ್ಥ ಆಗುತ್ತೆ. ಡ್ಯೂಟೀಲಿದ್ದಾರೆ, ಅಷ್ಟೇ," ಎಂದ ಮಗಳು ಆಕ್ಸಿಮೀಟರನ್ನು ಮೆಲ್ಲಗೆ ತೆಗೆದು ಸೆರಗಿನಡಿ ಮುಚ್ಚಿಟ್ಟಳು. ಅಮ್ಮನ ಕಡೆ ಬಾಗಿ ಹೇಳಿದಳು: "ವಾರ್ತೆ ಮುಗೀತು, ಮೇಡಂ."

ಅಮ್ಮ ಭುಜ ಸಡಿಲಿಸಿದರು. ಆಮೇಲೆ ಕೆಮ್ಮಿದರು ನೋಡಿ, ಮಂಚವೇ ಅಲುಗಾಡಿತು! ಫಿಸಿಯೊಥೆರಪಿಸ್ಟ್ ಹಿಡಿದ ಬಟ್ಟಲಿಗೆ ಕಫವೆಲ್ಲ ಬಂದು ಬಿತ್ತು. ಉಸಿರು ಹಗುರಾದದ್ದೇ ತಡ, ಅಮ್ಮ ತುಟಿ ಒರೆಸಿಕೊಂಡು ಗಾಬರಿಯಿಂದ ಕೇಳಿದರು: "ಹೊರಗಡೆ ಕೇಳಿಸ್ತಾ?"

ಫಿಸಿಯೊಥೆರಪಿಸ್ಟ್ ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದಳು: "ಒಂಚೂರೂ ಇಲ್ಲ, ಮೇಡಂ."