ಸೆಂಟರ್ ಸ್ಪೀಕರಿಗೆ ಸಿಗದ ದನಿ

ಮನುಷ್ಯರ ದನಿ ಬಾಯಿಯ ಬದಲು ಮನೆಯ ಯಂತ್ರಗಳಿಂದ ಹೊರಡತೊಡಗಿ ಆರು ವರ್ಷವಾಗಿತ್ತು. ಕೆಂಪರಾಜುವಿನ ಮಾತು ನಡುಮನೆಯ ಟಿವಿಯಿಂದ ಬರುತ್ತಿತ್ತು. ಹೆಂಡತಿ ವಿಶಾಲಾಕ್ಷಿಯದು ಅಡುಗೆಮನೆಯ ಮಿಕ್ಸಿಯಿಂದ. ಚಟ್ನಿ ರುಬ್ಬುವಾಗ ಪಾಪ, ಅವಳು ಸುಮ್ಮನಿರಲೇಬೇಕು.

ಇಬ್ಬರ ಮಾತೂ ಒಂದೇ ಕಡೆಯಿಂದ ಕೇಳಲಿ ಎಂದು ಕೆಂಪರಾಜು ಹೋಮ್ ಥಿಯೇಟರಿಗೆ, ಸಿನಿಮಾದ ಮಾತೆಲ್ಲ ಹೊರಡುವ ಸೆಂಟರ್ ಸ್ಪೀಕರ್ ತಂದ. ಟಿವಿಯ ಕೆಳಗಿಟ್ಟು, ಸೋಫಾದಲ್ಲಿ ಕೂತ ತನ್ನ ಕಿವಿಯ ಮಟ್ಟಕ್ಕೆ ಅದರ ಮೂತಿ ಎತ್ತಿ, ಬಾಯಿ ತೆರೆದ. "ಹಲೋ" ಎಂದಿತು ಸ್ಪೀಕರ್. "ನೀನೂ ಮಾತಾಡೇ."

ಪಕ್ಕದಲ್ಲೇ ನಿಂತಿದ್ದ ವಿಶಾಲಾಕ್ಷಿ ತುಟಿ ಅಲ್ಲಾಡಿಸಿದಳು. "ಏನಂತ ಮಾತಾಡ್ಲಿ?" ಎಂದಿತು ಒಳಗಿನ ಮಿಕ್ಸಿ.

ಅವನು ಸೋಫಾದಿಂದ ಎದ್ದು ವೈರು ಬದಲಿಸಿದ. ಮಿಕ್ಸಿಯ ಪ್ಲಗ್ಗನ್ನೇ ಕಿತ್ತ. ಕೆಂಪರಾಜುವಿಗೆ ತಲೆಬುಡ ತಿಳಿಯಲಿಲ್ಲ.

"ನಿಂತು ನಿಂತು ಕಾಲು ನೋಯ್ತಿದೆ" ಎಂದು ಪ್ಲಗ್ಗಿಲ್ಲದ ಮಿಕ್ಸಿಯೇ ಗೊಣಗಿತು. ವಿಶಾಲಾಕ್ಷಿ ಹೋಗಿ, ಮದುವೆಯಾದ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ, ಅವನ ಸೋಫಾದಲ್ಲಿ ಕಾಲು ಚಾಚಿ ಕೂತಳು. "ಅಬ್ಬಾ!" ಎಂಬ ಅವಳ ದನಿ ಸ್ಪೀಕರಿನಿಂದ ನಡುಮನೆ ತುಂಬ ಹರಡಿತು.

ಕೆಂಪರಾಜು ಹಿಗ್ಗಿಹೋದ. "ಬಂತು ಕಣೇ! ಒಂದು ಲೋಟ ಕಾಫಿ ಕೊಡು" ಎಂದು ಅವನ ದನಿಯಲ್ಲಿ ಕೂಗಿದ್ದು ಅಡುಗೆಮನೆಯ ಮಿಕ್ಸಿ. ಅವನು ಕಕ್ಕಾಬಿಕ್ಕಿಯಾಗಿ ಅತ್ತ ತಿರುಗಿದ.

"ಹೇಗೂ ನಿಮ್ಮ ದನಿ ಅಡುಗೆಮನೇಲೇ ಇದೆಯಲ್ಲ," ಎಂದಿತು ಸ್ಪೀಕರ್, "ನೀವೇ ಮಾಡ್ಕೊಂಡ್ಬನ್ನಿ. ನನಗೂ ಒಂದು ಲೋಟ."