ಮೂರು ಸುತ್ತಿನ ಗಂಟು

“ಹೊಡೀರಿ ಭಾವ,” ಎಂದ ಮೆಕ್ಯಾನಿಕ್, ಎತ್ತಿ ನಿಲ್ಲಿಸಿದ ಬಾನೆಟ್ಟಿನ ಕೆಳಗಿಂದ. ಮನೆಯಂಗಳದಲ್ಲಿ ನಿಂತ ಹಳೇ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಭಾವ ಕೀಲಿ ತಿರುಗಿಸಿದರು. ಲಾರಿ ‘ಗೊರ್ರ್ ಗೊರ್ರ್ ಗೊರ್ರ್’ ಎಂದಿತೇ ಹೊರತು ಹತ್ತಿಕೊಳ್ಳಲಿಲ್ಲ. ಸದ್ದೇನೋ ಗಟ್ಟಿಯಾಗಿಯೇ ಇತ್ತು, ಬ್ಯಾಟರಿಯ ತಕರಾರಲ್ಲ. ಸೈಲೆನ್ಸರಿನ ಬಾಯಲ್ಲಿ ಮಾತ್ರ ಹೊಗೆಯ ಎಳೆಯೂ ಇಲ್ಲ.

ಮೆಕ್ಯಾನಿಕ್ ಅದೇ ಶ್ರುತಿಯಲ್ಲಿ ತಾನೂ ಗೊರಗುಟ್ಟಿ, ಕೊನೆಗೊಂದು ಸಣ್ಣ ಸಿಳ್ಳೆ ಸೇರಿಸಿದ. “ಇದು ನಿಮ್ಮ ಗೊರಕೆನೇ ಭಾವ. ಸದ್ದು ಊರಿಗೆಲ್ಲ ಕೇಳುತ್ತೆ, ಏಳೋ ಮಾತೇ ಇಲ್ಲ. ಹೊಗೆ ಬರ್ತಿಲ್ಲ ಅಂದ್ರೆ ಹೊಟ್ಟೆಗೆ ಡೀಸೆಲ್ ಬೀಳ್ತಿಲ್ಲ.”

“ನಾಟಕ ಆಮೇಲೆ ಆಡು. ನಾಳೆ ಗಾಜಿನ ಲೋಡು ಬೆಟ್ಟ ಇಳೀಬೇಕು. ಕೈ ಹಾಕಿದ ಗಾಡಿ ಎಬ್ಬಿಸದೆ ಎದ್ದು ಹೋದವನಲ್ಲ ಅಂತ ಇಪ್ಪತ್ತೆರಡು ವರ್ಷದಿಂದ ಕೊಚ್ಕೊಳ್ತಿದೀಯಲ್ಲ, ಎಬ್ಬಿಸು ನೋಡೋಣ.”

ಒಳಗೆ ಅಕ್ಕ ಲಾರಿ ಸೀಟಿನ ಕವರು ಹೊಲಿಯುತ್ತಿದ್ದಳು. ಮಷೀನಿನ ಟಕಟಕ ಬೆಳಗಿನಿಂದ ಕೇಳುತ್ತಲೇ ಇತ್ತು. ಭಾವ ಸೆಲ್ಫ್ ಹೊಡೆದಾಗ ಮಾತ್ರ ಅದು ನಿಂತುಬಿಡುತ್ತಿತ್ತು. ಲಾರಿ ಸೋತು ಸುಮ್ಮನಾದ ಮೇಲೆ ಮತ್ತೆ ಶುರು. ಎಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್ಕನ ಕಿವಿ ಇದನ್ನು ಮೂರು ಸಲ ಗುರುತು ಹಾಕಿಕೊಂಡಿತು. ಯಾಕೆಂದು ಹೊಳೆಯಲಿಲ್ಲ.

ಟ್ಯಾಂಕಿಗೆ ಕೋಲು ಇಳಿಬಿಟ್ಟು ನೋಡಿದ, ಅರ್ಧಕ್ಕಿಂತ ಮೇಲಿತ್ತು. ಫಿಲ್ಟರ್ ಬಿಚ್ಚಿದ, ಕಸವಿಲ್ಲ. ಇಳಿದು ಬಂದ ಭಾವ ಫಿಲ್ಟರಿನ ಬಟ್ಟಲಿಗೆ ಕ್ಯಾನಿನಿಂದ ಡೀಸೆಲ್ ಬಗ್ಗಿಸಿದರು. ಅದು ಬಟ್ಟಲಿಗಿಂತ ನಾಲ್ಕು ಬೆರಳು ಆಚೆ, ಅವರ ಚಪ್ಪಲಿಯ ಮೇಲೇ ಸುರಿಯಿತು.

“ನೆಟ್ಟಗೆ ಹಿಡಿಯೋಕಾಗಲ್ವಾ ನಿಂಗೆ?” ಎಂದರು ಭಾವ. ಬಟ್ಟಲು ಅವನ ಕೈಯಲ್ಲಿ ಕಲ್ಲಿನಂತೆ ನಿಂತಿತ್ತು.

ಹದಿನೇಳರ ಸ್ಪ್ಯಾನರ್ ಕೇಳಿದರೆ ಹದಿಮೂರರದು ಬಂತು. “ನಂಬರೇ ಅಳಿಸಿಹೋಗಿದೆ ಇದರ ಮೇಲೆ,” ಎಂದು ಭಾವ ಗೊಣಗಿಕೊಂಡು ಮತ್ತೆ ಕ್ಯಾಬಿನ್ ಹತ್ತಿದರು. ಸ್ಪ್ಯಾನರ್ ಸೆಟ್ಟು ಹೋದ ತಿಂಗಳು ಕೊಂಡದ್ದು. ಮೆಕ್ಯಾನಿಕ್ ಈ ಸಲ ತಮಾಷೆ ಮಾಡಲಿಲ್ಲ.

ಲೈನಿನ ಗಾಳಿ ತೆಗೆದ. ಪಂಪಿನವರೆಗೆ ಡೀಸೆಲ್ ಒಂದು ಗುಳ್ಳೆಯೂ ಇಲ್ಲದೆ ಬಂತು. ಅಲ್ಲಿಂದ ಎಂಜಿನ್ನಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಸಿದರೆ ಹನಿಯೂ ಚಿಮ್ಮಲಿಲ್ಲ. “ತಾನು ತಿನ್ನುತ್ತೆ, ಬಡಿಸೋದಿಲ್ಲ,” ಎಂದುಕೊಂಡು ಪಂಪಿನ ಹಿಂಬದಿಗೆ ಕೈ ತೂರಿಸಿದ. ಎಂಜಿನ್ ಆರಿಸುವ ಸಣ್ಣ ಕಡ್ಡಿ ಇರುವುದು ಅಲ್ಲೇ. ಕ್ಯಾಬಿನ್ನಿನ ಹಿಡಿ ಎಳೆದರೆ ಅದು ಹಿಂದೆ ಸರಿದು ಡೀಸೆಲ್ ಕಟ್ಟುತ್ತದೆ, ಹಿಡಿ ಬಿಟ್ಟರೆ ತಾನೇ ಮುಂದೆ ಬರುತ್ತದೆ. ಈಗ ಹಿಂದೆಯೇ ನಿಂತಿತ್ತು. ಏನೋ ಸಿಕ್ಕಿಕೊಂಡಿದೆ ಎಂದು ಬ್ಲೇಡು ಆಡಿಸಿದ. ಕಡ್ಡಿ ಟಪ್ಪೆಂದು ಮುಂದಕ್ಕೆ ಹಾರಿತು. ಅಂಗೈಗೆ ಕಪ್ಪು ದಾರದ ತುಂಡೊಂದು ಬಿತ್ತು.

ಸೀಟು ಹೊಲಿಯುವ ದಪ್ಪ ದಾರ. ಮೂರು ಸುತ್ತು, ಒಳಗೊಂದು ಕುಣಿಕೆ, ಹಲ್ಲಿನಿಂದ ಕಡಿದ ತುದಿ. ಕತ್ತರಿ ಮಡಿಲಲ್ಲಿದ್ದರೂ ಹಲ್ಲೇ ಹತ್ತಿರ ಎನ್ನುವವಳು ಈ ಮನೆಯಲ್ಲಿ ಒಬ್ಬಳೇ. ಅವನ ಶಾಲೆಯ ಅಂಗಿಗೆ ಅವಳು ಗುಂಡಿ ಹಾಕಿದರೆ ಅಂಗಿ ಹರಿಯುತ್ತಿತ್ತು, ಗುಂಡಿ ಬೀಳುತ್ತಿರಲಿಲ್ಲ. ಹೋದ ವರ್ಷ ಆ ಹಿಡಿಯ ಸ್ಟಾಪ್ ಕೇಬಲ್ ತುಂಡಾದಾಗ, “ಇಷ್ಟೇ ಅಕ್ಕಾ, ಇದನ್ನ ಹಿಂದಕ್ಕೆ ಹಿಡಿದ್ರೆ ಎಂಥಾ ಗಾಡಿನೂ ತೆಪ್ಪಗಾಗುತ್ತೆ,” ಎಂದು ಅವಳಿಗೆ ಜಂಬದಿಂದ ತೋರಿಸಿದವನು ತಾನೇ.

“ಏನಾದ್ರೂ ಸಿಕ್ತೇನಯ್ಯಾ? ಹೊಡೀಲಾ?” ಭಾವ ಕೂಗಿದರು.

ಒಳಗೆ ಮಷೀನು ನಿಂತಿತು.

ಈಗ ಕೀಲಿ ತಿರುಗಿದರೆ ಲಾರಿ ಎದ್ದೇ ಏಳುತ್ತದೆ. ನಾಳೆ ಬೆಟ್ಟದ ತಿರುವಿನಲ್ಲಿ ಚಕ್ರಕ್ಕೂ ಪ್ರಪಾತಕ್ಕೂ ನಡುವಿನ ನಾಲ್ಕು ಬೆರಳು ಅವನ ಕಣ್ಣ ಮುಂದೆ ಬಂತು. ಹೆಬ್ಬೆರಳಿನಿಂದ ಕಡ್ಡಿಯನ್ನು ಹಿಂದಕ್ಕೆ ಒತ್ತಿ ಹಿಡಿದ. “ಹೊಡೀರಿ.”

ಗೊರ್ರ್ ಗೊರ್ರ್ ಗೊರ್ರ್. ಅಷ್ಟೇ.

“ಪಂಪ್ ಹೋಗಿದೆ ಭಾವ. ಇದು ನನ್ನ ಕೈಲಿ ಆಗಲ್ಲ.”

“ಏನಂದೆ? ಕೇಳಿಸ್ಲಿಲ್ಲ.”

“ನನ್ನ ಕೈಲಿ ಆಗಲ್ಲ.”

“ಇನ್ನೊಂದ್ಸಲ ಹೇಳು, ಕಿವಿಗೆ ಹಿತವಾಗಿದೆ.” ಭಾವ ಸ್ಟೀರಿಂಗ್ ತಟ್ಟಿ ತಟ್ಟಿ ನಕ್ಕರು. “ನಾಳೆ ಟೀ ಅಂಗಡೀಲಿ ನಿನ್ನ ಕಥೆ ಐತೆ.”

“ಹೇಳ್ಕೊಳ್ಳಿ. ಪಂಪ್ ಪೇಟೆಗೆ ಒಯ್ಯಬೇಕು, ನೀವೂ ಜೊತೆಗೆ ಬನ್ನಿ. ಪಂಪ್ ರಿಪೇರಿ ಅಂಗಡಿ ಮಹಡೀಲೇ ಕಣ್ಣಿನ ಡಾಕ್ಟರ್ ಇದಾರೆ.”

ನಗು ನಿಂತಿತು. ಬಾನೆಟ್ಟಿನ ಆಚೆ ಕೀಲಿ ಕಿಣಿಗುಟ್ಟಿತು. ಆಮೇಲೆ, ಎಂದಿಗಿಂತ ಸಣ್ಣ ದನಿಯಲ್ಲಿ: “ಇರು, ಇನ್ನೊಂದೇ ಒಂದ್ಸಲ ಹೊಡೆದು ನೋಡ್ತೀನಿ.”

ಮೆಕ್ಯಾನಿಕ್ ಹೆಬ್ಬೆರಳು ಬಿಗಿ ಮಾಡಿದ. ಪಕ್ಕದಲ್ಲಿ ನೆರಳು ಸುಳಿಯಿತು. ಅಕ್ಕ ಬಂದು ನಿಂತು, ಅವನ ಬೆರಳು ಎಲ್ಲಿದೆಯೆಂದು ನೋಡಿದಳು. ಕೈಗೆ ಸುತ್ತಿಕೊಂಡಿದ್ದ ಕಪ್ಪು ದಾರವನ್ನು ಬಿಚ್ಚಿದಳು.

“ತೆಗಿ ಕೈ,” ಎಂದಳು ಪಿಸುದನಿಯಲ್ಲಿ, “ಎಷ್ಟು ಹೊತ್ತು ಅಂತ ಹಿಡ್ಕೊಂಡಿರ್ತೀಯ.” ಕಡ್ಡಿಗೆ ಮೂರು ಸುತ್ತು ಸುತ್ತಿ, ಬಗ್ಗಿ, ತುದಿಯನ್ನು ಹಲ್ಲಿನಿಂದ ಕಡಿದಳು.