ಚಿಣ್ಣನ ಪುಳಿ ಮರ

ಈಗಲೂ ಯಾರ ಮನೆಯಲ್ಲಾದರೂ ಕಾಚಂಪುಳಿ ಕುದಿಯುವ ವಾಸನೆ ಬಂದರೆ ನನಗೆ ಮೊದಲು ಹೊಟ್ಟೆಯುರಿಯೇ ನೆನಪಾಗುತ್ತದೆ.

ಪಕ್ಕದ ಮನೆಯ ಚಿಣ್ಣನಿಗೆ ನನ್ನದೇ ವಯಸ್ಸು. ಕಾಡಂಚಿನ ಪುಳಿ ಮರದ ಕೆಳಗೆ ಉದುರಿದ ಹಣ್ಣನ್ನು ಅವನು ಬುಟ್ಟಿಗಟ್ಟಲೆ ತರುತ್ತಿದ್ದ. ಅವನ ಅವ್ವ ಮುತ್ತಮ್ಮ ಅದರ ರಸವನ್ನು ಕಪ್ಪಾಗುವವರೆಗೆ ಕುದಿಸಿ, ಸಾರಿಗೆ ಹಾಕುವ ಕಾಚಂಪುಳಿ ಮಾಡಿ ನಾಪೋಕ್ಲು ಸಂತೆಯಲ್ಲಿ ಮಾರುತ್ತಿದ್ದಳು. ಅವರಿಗೆ ತೋಟವಿರಲಿಲ್ಲ. ವರ್ಷದ ಬಟ್ಟೆ, ಪುಸ್ತಕ ಎಲ್ಲ ಆ ಮರದಿಂದಲೇ ಬರಬೇಕಿತ್ತು.

ನಮ್ಮಪ್ಪ ಹಂದಿ ಸಾರು ಉಣ್ಣುವಾಗೆಲ್ಲ ಹೇಳುತ್ತಿದ್ದ, "ಈ ಅಂಗಡಿ ಹುಳಿ ಬರೀ ಬಣ್ಣದ ನೀರು. ಆ ಚಿಣ್ಣನ್ನ ನೋಡಿ ಕಲಿ. ನಿಂಗೆ ತಿನ್ನೋದೊಂದೇ ಗೊತ್ತು."

ಒಂದು ಮಧ್ಯಾಹ್ನ ನಾನು ಚಿಣ್ಣನಿಗಿಂತ ಮೊದಲೇ ಹೋಗಿ, ಬಿದಿರಿನ ಗಳದಿಂದ ಆ ಮರವನ್ನು ಬಡಿದೆ. ಇದ್ದಬದ್ದ ಕಾಯಿಗಳ ಜೊತೆಗೆ ಎರಡು ಕೊಂಬೆಯೂ ಮುರಿದು ಬಿದ್ದವು. ಮೂಟೆ ಕಟ್ಟಿ ತಂದು ಅಪ್ಪನ ಮುಂದೆ ಸುರಿದೆ. ಅಪ್ಪ ಒಂದು ಕಾಯಿ ಒಡೆದ. ಹಳದಿ ಅಂಟು ಬಿಟ್ಟರೆ ರಸವೇ ಇರಲಿಲ್ಲ.

ಅಷ್ಟರಲ್ಲಿ ಮುತ್ತಮ್ಮ ಖಾಲಿ ಬುಟ್ಟಿ ಹಿಡಿದು ಬಂದಳು. ಹಿಂದೆ ಚಿಣ್ಣನಿದ್ದ.

"ಅದು ಹಣ್ಣಾಗಿ ತಾನಾಗೇ ಬೀಳ್ಬೇಕು ಮಗ," ಎಂದಳು. "ಅಷ್ಟು ಅರ್ಜೆಂಟ್ ಏನಿತ್ತು ನಿಂಗೆ?"

ಚಿಣ್ಣ ಕೇಳಿದ, "ಅವ್ವ, ಈ ವರ್ಷ ಏನ್ ಮಾರೋದು?"

ಅಪ್ಪ ಎದ್ದು ಅವನ ಹತ್ತಿರ ಹೋದ.

"ಬೇಲಿ ಪಕ್ಕದ ಬಳ್ಳೀಲಿರೋ ಮೆಣಸೆಲ್ಲ ಈ ವರ್ಷ ನೀನೇ ಕುಯ್ಕೋ ಮಾರಾಯ."

ಹಾಗೆನ್ನುವಾಗ ಅಪ್ಪನ ಕೈ ಚಿಣ್ಣನ ಹೆಗಲ ಮೇಲಿತ್ತು. ನಾನು ನೋಡಿದ್ದು ಆ ಕೈಯನ್ನು ಮಾತ್ರ.